ಅಸ್ತಮಾ: ರಕ್ತದ ವರದಿ ನಾರ್ಮಲ್ ಬಂದರೆ ರೋಗ ಹೋಯಿತೇ?

ಕಳೆದ ಮಳೆಗಾಲದಲ್ಲಿ ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ನನ್ನ ದವಾಖಾನೆಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಮೂರು ವರ್ಷಗಳ ರಕ್ತ ವರದಿಗಳು. ಕುರ್ಚಿಯಲ್ಲಿ ಕೂತು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರು ಹೇಳಿದ ಮೊದಲ ಮಾತು: “ನನಗೆ ದಮ್ಮು ಇಲ್ಲ ಡಾಕ್ಟ್ರೇ, ಇಸ್ನೋಫೀಲಿಯಾ ಮಾತ್ರ. ಅದೂ ಈಗ ನಾರ್ಮಲ್ ಆಗಿದೆ.”

ವರದಿ ನೋಡಿದೆ. ಮಳೆಗಾಲಕ್ಕೆ ಮುಂಚಿನದರಲ್ಲಿ ಇಯೋಸಿನೋಫಿಲ್ ಸಂಖ್ಯೆ 780. ಮೂರು ವಾರದ ಹಿಂದಿನದರಲ್ಲಿ ಕೇವಲ 40. ಕಾಗದದ ಮೇಲೆ ನೋಡಿದರೆ ರೋಗ ಗುಣವಾಗಿದೆ. ಆದರೆ ನನ್ನ ಎದುರು ಕೂತವರಿಗೆ ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲು ಆಗುತ್ತಿರಲಿಲ್ಲ. ರಾತ್ರಿ ಎರಡು ದಿಂಬು ಇಟ್ಟು ಕೂತೇ ನಿದ್ದೆ ಮಾಡುತ್ತಿದ್ದರು. ವರದಿ ನಾರ್ಮಲ್ ಬಂತೆಂದು ಇನ್‌ಹೇಲರನ್ನು ಕಪಾಟಿನಲ್ಲಿ ಇಟ್ಟುಬಿಟ್ಟಿದ್ದರು.

ಇವರಂಥವರು ನಿಮ್ಮ ಮನೆಯಲ್ಲೂ ಇರಬಹುದು. ಅಸ್ತಮಾ ಇರುವವರು ರಕ್ತ ಪರೀಕ್ಷೆ ಮಾಡಿಸುವುದು ತಪ್ಪಲ್ಲ. ಆದರೆ ಆ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿಯದಿದ್ದರೆ, ವರದಿಯೇ ನಿಮ್ಮನ್ನು ದಾರಿ ತಪ್ಪಿಸಬಹುದು. ಆ ಮಹಿಳೆಯ ಸಂಖ್ಯೆ 780ರಿಂದ 40ಕ್ಕೆ ಇಳಿದದ್ದು ಹೇಗೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ವಿಷಯವನ್ನು ಅರ್ಥ ಮಾಡಿಕೊಳ್ಳೋಣ.

ಶ್ವಾಸನಾಳದೊಳಗೆ ಏನಾಗುತ್ತದೆ?

ಅಸ್ತಮಾ ಎಂದರೆ ಬರೀ ಉಬ್ಬಸವಲ್ಲ. ಉಬ್ಬಸ ಹೊರಗೆ ಕಾಣುವ ಲಕ್ಷಣ. ಒಳಗಿರುವ ಮೂಲ ತೊಂದರೆ ಶ್ವಾಸನಾಳಗಳ ಉರಿಯೂತ. ನಾಳದ ಒಳಪದರ ಊದಿಕೊಳ್ಳುತ್ತದೆ, ಅಂಟು ಕಫ ಹೆಚ್ಚುತ್ತದೆ, ನಾಳವನ್ನು ಸುತ್ತಿರುವ ಸ್ನಾಯು ಸಣ್ಣ ಕಾರಣಕ್ಕೂ ಬಿಗಿಯುತ್ತದೆ. ಧೂಳು, ತಣ್ಣನೆಯ ಗಾಳಿ, ಗೋಡೆಯ ಬೂಷ್ಟು, ಮನೆಯಲ್ಲಿ ಹಾಕುವ ಲೋಬಾನದ ಹೊಗೆ, ನೆಗಡಿ ಹೀಗೆ ಯಾವುದೋ ಒಂದು ನೆಪ ಸಿಕ್ಕರೆ ಸಾಕು, ದಾರಿ ಇಕ್ಕಟ್ಟಾಗುತ್ತದೆ. ನೆಪ ಹೋದ ಮೇಲೆ ಉಬ್ಬಸ ನಿಲ್ಲಬಹುದು, ಆದರೆ ಉರಿಯೂತ ಮೆಲ್ಲಗೆ ಮುಂದುವರಿಯುತ್ತಲೇ ಇರಬಹುದು.

ಯುನಾನಿಯಲ್ಲಿ ಈ ರೋಗವನ್ನು ‘ಝೀಕುನ್ನಫಸ್’ ಎನ್ನುತ್ತೇವೆ, ಅಂದರೆ ಉಸಿರಿನ ಇಕ್ಕಟ್ಟು. ನಮ್ಮ ಹಳೆಯ ಗ್ರಂಥಗಳು ಇದನ್ನು ನಾಳದಲ್ಲಿ ಸೇರಿಕೊಂಡ ಗಟ್ಟಿ ‘ಬಲ್ಗಮ್’ ಅಂದರೆ ಕಫದೊಂದಿಗೆ ಜೋಡಿಸಿ ನೋಡಿದವು. ಹಕೀಮರು ಕಫದ ಬಣ್ಣ, ಅಂಟು, ಪ್ರಮಾಣವನ್ನು ಗಮನವಿಟ್ಟು ನೋಡುತ್ತಿದ್ದರು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬದುಕಿದ್ದ ಅರ್-ರಾಝಿ, ವಸಂತಕಾಲದಲ್ಲಿ ಗುಲಾಬಿಯ ವಾಸನೆ ತಾಕಿದರೆ ಅಬೂ ಝೈದ್ ಅಲ್-ಬಲ್ಖಿ ಎಂಬ ವಿದ್ವಾಂಸರಿಗೆ ನೆಗಡಿ ಏಕೆ ಬರುತ್ತದೆ ಎಂಬುದರ ಬಗ್ಗೆಯೇ ಒಂದು ಬರಹ ಬರೆದರು. ಇಂದು ನಾವು ಅಲರ್ಜಿ ಎನ್ನುವುದನ್ನು ಅಂದೇ ಗಮನಿಸಿದ ಕಣ್ಣು ಅದು. ಆದರೆ ಆ ಕಫದೊಳಗೆ ಏನಿದೆ ಎಂದು ನೋಡಲು ಅವರ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ. ಅದು ಬಂದ ಮೇಲೆ ಅಸ್ತಮಾ ಇರುವ ಅನೇಕರ ಕಫದಲ್ಲಿ ಒಂದು ವಿಶೇಷ ಜಾತಿಯ ಬಿಳಿ ರಕ್ತಕಣ ಕಾಣಿಸಿತು. ಅದೇ ಇಯೋಸಿನೋಫಿಲ್.

ಇಯೋಸಿನೋಫಿಲ್ ಎಂದರೆ ಯಾರು?

1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ರಕ್ತಕ್ಕೆ ಬಣ್ಣ ಹಾಕಿ ನೋಡುತ್ತಿದ್ದಾಗ, ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೆಚ್ಚಾಗಿ ಹಿಡಿದುಕೊಳ್ಳುವ ಕಣಗಳನ್ನು ಗುರುತಿಸಿದರು. ಹಾಗಾಗಿ ಈ ಹೆಸರು. ಇವು ರೋಗವಲ್ಲ, ನಮ್ಮ ದೇಹದ ಕಾವಲುಗಾರರಲ್ಲಿ ಒಂದು ಪಡೆ. ಹುಳುಗಳ ವಿರುದ್ಧ ಹೋರಾಡುವುದು ಇವುಗಳ ಕೆಲಸಗಳಲ್ಲೊಂದು. ಪ್ರತಿಯೊಬ್ಬ ಆರೋಗ್ಯವಂತನ ರಕ್ತದಲ್ಲೂ ಇವು ಇರುತ್ತವೆ.

ಅಲರ್ಜಿ ಸ್ವಭಾವದ ಅಸ್ತಮಾದಲ್ಲಿ ಈ ಪಡೆಗೆ ಅನಗತ್ಯ ಕರೆ ಹೋಗುತ್ತದೆ. ‘ಇಂಟರ್‌ಲ್ಯೂಕಿನ್-5’ ಎಂಬ ರಾಸಾಯನಿಕ ಸಂದೇಶ ಎಲುಬಿನ ಮಜ್ಜೆಗೆ ತಲುಪುತ್ತದೆ. ಅಲ್ಲಿ ಇಯೋಸಿನೋಫಿಲ್‌ಗಳು ಹೆಚ್ಚು ತಯಾರಾಗಿ ರಕ್ತಕ್ಕೆ ಇಳಿಯುತ್ತವೆ, ರಕ್ತದಿಂದ ಶ್ವಾಸನಾಳದ ಗೋಡೆಗೆ ಸೇರುತ್ತವೆ. ಹುಳುವಿನ ಮೇಲೆ ಸುರಿಯಬೇಕಾದ ತೀಕ್ಷ್ಣ ವಸ್ತುಗಳನ್ನು ನಮ್ಮದೇ ನಾಳದ ಒಳಪದರದ ಮೇಲೆ ಸುರಿಯುತ್ತವೆ. ಅಲ್ಲಿ ಗಾಯವಾಗುತ್ತದೆ, ಊತ ಬರುತ್ತದೆ, ಕಫ ಹೆಚ್ಚುತ್ತದೆ.

ಇಲ್ಲಿ ಒಂದು ಮಾತು ನೆನಪಿಡಿ. ಇಯೋಸಿನೋಫಿಲ್ ರಕ್ತದಲ್ಲಿ ಇರುವುದು ಕೆಲವು ಗಂಟೆಗಳು ಮಾತ್ರ. ಅಂಗಾಂಶದೊಳಗೆ ಹೋದ ಮೇಲೆ ದಿನಗಟ್ಟಲೆ ಉಳಿಯುತ್ತದೆ. ರಕ್ತ ಅದಕ್ಕೆ ರಸ್ತೆ, ಮನೆಯಲ್ಲ. ನೀವು ರಕ್ತ ಕೊಟ್ಟಾಗ ಲ್ಯಾಬ್‌ನವರು ಎಣಿಸುವುದು ಆ ಕ್ಷಣ ರಸ್ತೆಯಲ್ಲಿದ್ದವರನ್ನು ಮಾತ್ರ, ಮನೆ ಸೇರಿದವರನ್ನಲ್ಲ. ನಿಜವಾಗಿ ಎಣಿಸಬೇಕಾದದ್ದು ಕಫದಲ್ಲಿ. ಆದರೆ ಕಫವನ್ನು ಸರಿಯಾಗಿ ತೆಗೆಸಿ, ಸಂಸ್ಕರಿಸಿ, ಎಣಿಸುವ ವ್ಯವಸ್ಥೆ ದೊಡ್ಡ ಕೇಂದ್ರಗಳಲ್ಲೇ ಅಪರೂಪ. ರಕ್ತ ಪರೀಕ್ಷೆಯಾದರೆ ಸಣ್ಣ ಊರಿನಲ್ಲೂ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಆದ್ದರಿಂದ ವೈದ್ಯರು ರಕ್ತದ ಸಂಖ್ಯೆಯನ್ನು ಒಂದು ಅಂದಾಜಾಗಿ ಬಳಸುತ್ತಾರೆ.

ವರದಿಯನ್ನು ಓದುವುದು ಹೇಗೆ?

ಹೆಚ್ಚಿನ ವರದಿಗಳಲ್ಲಿ ಇಯೋಸಿನೋಫಿಲ್ ಶೇಕಡಾ ಲೆಕ್ಕದಲ್ಲಿ ಇರುತ್ತದೆ. ‘ಶೇ. 8 ಇದೆ, ಜಾಸ್ತಿ’ ಎಂದು ಜನ ಗಾಬರಿಯಾಗುತ್ತಾರೆ. ಶೇಕಡಾ ಲೆಕ್ಕ ಮಾತ್ರ ನೋಡಿದರೆ ತಪ್ಪಾಗಬಹುದು. ಬೇಕಾಗಿರುವುದು ಒಟ್ಟು ಸಂಖ್ಯೆ. ಲ್ಯಾಬ್‌ನವರು ಅದನ್ನು ‘ಎಇಸಿ’ ಎನ್ನುತ್ತಾರೆ. ಇದನ್ನು ನೀವೇ ಲೆಕ್ಕ ಹಾಕಬಹುದು. ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು ಶೇಕಡಾ ಸಂಖ್ಯೆಯಿಂದ ಗುಣಿಸಿ 100ರಿಂದ ಭಾಗಿಸಿ.

ಒಬ್ಬರಿಗೆ ಬಿಳಿ ರಕ್ತಕಣ 4,000, ಇಯೋಸಿನೋಫಿಲ್ ಶೇ. 8 ಎಂದಿಟ್ಟುಕೊಳ್ಳಿ. ಎಇಸಿ 320. ಇನ್ನೊಬ್ಬರಿಗೆ ಬಿಳಿ ರಕ್ತಕಣ 11,000, ಇಯೋಸಿನೋಫಿಲ್ ಶೇ. 4. ಎಇಸಿ 440. ಶೇಕಡಾ ನೋಡಿದರೆ ಮೊದಲನೆಯವರದು ಹೆಚ್ಚು, ನಿಜವಾಗಿ ಎರಡನೆಯವರದೇ ಹೆಚ್ಚು.

ಈ ಸಂಖ್ಯೆ ಪ್ರತಿ ಘನ ಮಿಲಿಮೀಟರ್ ರಕ್ತಕ್ಕೆ. ಸಾಮಾನ್ಯವಾಗಿ ಸುಮಾರು 500ರವರೆಗೆ ನಾರ್ಮಲ್ ಎನ್ನುತ್ತಾರೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಆದರೆ ಅಸ್ತಮಾ ಚಿಕಿತ್ಸೆಯಲ್ಲಿ ವೈದ್ಯರು ನೋಡುವ ಗೆರೆಗಳು ಬೇರೆ: 150 ಮತ್ತು 300. ಅಸ್ತಮಾ ಇರುವವರಲ್ಲಿ 300ಕ್ಕಿಂತ ಮೇಲಿದ್ದರೆ ಇಯೋಸಿನೋಫಿಲ್ ಜಾತಿಯ ಉರಿಯೂತ ಇರುವ ಸಾಧ್ಯತೆ ಹೆಚ್ಚು, ಮುಂದೆ ತೀವ್ರ ದಮ್ಮು ಕಾಣಿಸಿಕೊಳ್ಳುವ ಅಪಾಯವೂ ಹೆಚ್ಚು. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದೂ 150 ಅಥವಾ ಅದಕ್ಕಿಂತ ಮೇಲಿದ್ದರೆ ಉರಿಯೂತ ಪೂರ್ತಿ ಹತೋಟಿಗೆ ಬಂದಿಲ್ಲ ಎಂಬ ಸೂಚನೆಯಾಗಿ ಅದನ್ನು ತಜ್ಞರು ಪರಿಗಣಿಸುತ್ತಾರೆ.

ಅಂದರೆ ನಿಮ್ಮ ವರದಿಯಲ್ಲಿ 380 ಎಂದಿದ್ದು, ಪಕ್ಕದಲ್ಲಿ ‘ನಾರ್ಮಲ್’ ಎಂದು ಮುದ್ರಿಸಿದ್ದರೂ, ನಿಮಗೆ ಅಸ್ತಮಾ ಇದ್ದರೆ ಆ 380ಕ್ಕೆ ಅರ್ಥವಿದೆ. ಲ್ಯಾಬ್‌ನ ನಾರ್ಮಲ್ ಎಲ್ಲ ಜನರಿಗಾಗಿ ಮಾಡಿದ ಅಳತೆ, ಅಸ್ತಮಾ ರೋಗಿಗಾಗಿ ಮಾಡಿದ್ದಲ್ಲ.

ಈ ಸಂಖ್ಯೆ ಏಕೆ ಏರಿಳಿಯುತ್ತದೆ?

ಒಂದೇ ವ್ಯಕ್ತಿಯ ರಕ್ತದಲ್ಲಿ ಒಂದೇ ದಿನದೊಳಗೆ ಈ ಸಂಖ್ಯೆ ಬದಲಾಗುತ್ತದೆ. ನಮ್ಮ ದೇಹವೇ ತಯಾರಿಸುವ ಕಾರ್ಟಿಸೋಲ್ ಎಂಬ ಹಾರ್ಮೋನು ಬೆಳಿಗ್ಗೆ ಹೆಚ್ಚಿರುತ್ತದೆ, ರಾತ್ರಿ ಇಳಿಯುತ್ತದೆ. ಇಯೋಸಿನೋಫಿಲ್ ಅದಕ್ಕೆ ವಿರುದ್ಧವಾಗಿ ಹಗಲಿನಲ್ಲಿ ಕಡಿಮೆ, ರಾತ್ರಿ ಹೆಚ್ಚು. ಹಾಗಾಗಿ ಹಿಂದಿನ ವರದಿಯೊಂದಿಗೆ ಹೋಲಿಸಬೇಕಾದರೆ ಪ್ರತಿ ಸಲ ಒಂದೇ ಹೊತ್ತಿನಲ್ಲಿ ರಕ್ತ ಕೊಡುವುದು ಒಳ್ಳೆಯದು. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ.

ತೀವ್ರ ಬ್ಯಾಕ್ಟೀರಿಯಾ ಸೋಂಕು ಇದ್ದಾಗ ಸಂಖ್ಯೆ ಇಳಿಯುತ್ತದೆ. ಹೊಟ್ಟೆಯಲ್ಲಿ ಹುಳುಗಳಿದ್ದರೆ ಏರುತ್ತದೆ. ಇಸುಬು, ಮೂಗಿನ ಅಲರ್ಜಿ, ಕೆಲವು ಔಷಧಿಗಳ ಅಲರ್ಜಿ ಇವುಗಳಿಂದಲೂ ಏರುತ್ತದೆ. ಎಲ್ಲಕ್ಕಿಂತ ಮುಖ್ಯ, ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ದೇಹಕ್ಕೆ ಹೋದರೆ ಕೆಲವೇ ಗಂಟೆಗಳಲ್ಲಿ ರಕ್ತದ ಇಯೋಸಿನೋಫಿಲ್ ಕುಸಿಯುತ್ತದೆ. ಎರಡು ದಿನ ಸ್ಟೀರಾಯ್ಡ್ ನುಂಗಿ ಮೂರನೇ ದಿನ ರಕ್ತ ಕೊಟ್ಟರೆ ವರದಿ ಬಹಳ ಚೆನ್ನಾಗಿ ಬರುತ್ತದೆ. ರೋಗ ಹೋಗಿದೆ ಎಂದು ಅದರ ಅರ್ಥವಲ್ಲ. ಪರೀಕ್ಷೆಗೆ ಮುಂಚೆ ತೆಗೆದುಕೊಂಡ ಔಷಧಿಗಳನ್ನೆಲ್ಲ ವೈದ್ಯರಿಗೆ ಹೇಳಲೇಬೇಕು ಎನ್ನುವುದು ಇದಕ್ಕಾಗಿಯೇ.

ರಸ್ತೆ ಖಾಲಿಯಾದರೆ ಮನೆ ಖಾಲಿಯೇ?

ರಕ್ತದಲ್ಲಿ ಇಯೋಸಿನೋಫಿಲ್ ಇಲ್ಲವೆಂದರೆ ಶ್ವಾಸನಾಳದಲ್ಲೂ ಇಲ್ಲವೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ಔಷಧಿಯ ಸೋಲಿನಿಂದ.

ಇಂಟರ್‌ಲ್ಯೂಕಿನ್-5 ಎಂಬ ಸಂದೇಶವನ್ನು ತಡೆಯುವ ಮೆಪೋಲಿಜುಮ್ಯಾಬ್ ಎಂಬ ಇಂಜೆಕ್ಷನನ್ನು ವಿಜ್ಞಾನಿಗಳು ತಯಾರಿಸಿದರು. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೌಮ್ಯ ಅಸ್ತಮಾ ಇದ್ದವರಿಗೆ ಅದನ್ನು ಕೊಟ್ಟರು. ರಕ್ತದಲ್ಲಿ ಇಯೋಸಿನೋಫಿಲ್ ಕುಸಿಯಿತು. ಆದರೆ ಶ್ವಾಸನಾಳದ ವರ್ತನೆಯಲ್ಲಿ ನಿರೀಕ್ಷಿಸಿದ ಸುಧಾರಣೆ ಕಾಣಲಿಲ್ಲ. ಇಯೋಸಿನೋಫಿಲ್‌ಗೂ ಅಸ್ತಮಾಕ್ಕೂ ಸಂಬಂಧವೇ ಇಲ್ಲವೇನೋ ಎಂದು ಹಲವರು ಸಂಶಯಪಟ್ಟರು. 2003ರಲ್ಲಿ ಈ ಇಂಜೆಕ್ಷನ್ ಪಡೆದವರ ಶ್ವಾಸನಾಳದ ಒಳಪದರದ ಚೂರನ್ನು ತೆಗೆದು ನೋಡಿದಾಗ ವಿಷಯ ತಿಳಿಯಿತು. ರಕ್ತದಲ್ಲಿ ಇಯೋಸಿನೋಫಿಲ್ ಬಹುತೇಕ ಪೂರ್ತಿ ಇಲ್ಲವಾಗಿದ್ದರೂ ಶ್ವಾಸನಾಳದ ಗೋಡೆಯಲ್ಲಿ ಕಡಿಮೆಯಾದದ್ದು ಸುಮಾರು ಅರ್ಧದಷ್ಟು ಮಾತ್ರ. ರಸ್ತೆ ಖಾಲಿ, ಮನೆಯಲ್ಲಿ ಇನ್ನೂ ಜನ.

ಮುಂದೆ 2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನ ವೈದ್ಯರು ಬೇರೆ ದಾರಿ ಹಿಡಿದರು. ಸಿಕ್ಕವರಿಗೆಲ್ಲ ಔಷಧಿ ಕೊಡಲಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೂ ಇಯೋಸಿನೋಫಿಲ್ ಉರಿಯೂತ ಉಳಿದಿದ್ದ, ಮತ್ತೆ ಮತ್ತೆ ತೀವ್ರ ದಮ್ಮು ಬರುತ್ತಿದ್ದವರನ್ನು ಮಾತ್ರ ಆರಿಸಿಕೊಂಡರು. ಈ ಸಲ ತೀವ್ರ ದಾಳಿಗಳು ಕಡಿಮೆಯಾದವು. 2015ರಲ್ಲಿ ಅಮೆರಿಕದಲ್ಲಿ ಆ ಔಷಧಿಗೆ ಅನುಮತಿ ಸಿಕ್ಕಿತು. ಔಷಧಿ ಅದೇ, ಬದಲಾದದ್ದು ರೋಗಿಯನ್ನು ಆರಿಸಿದ ರೀತಿ.

ಇದರಿಂದ ನಾವು ಕಲಿಯಬೇಕಾದ ಪಾಠ ಎರಡು. ಅಸ್ತಮಾ ಎಂಬುದು ಒಂದೇ ಹೆಸರಿನಡಿ ಇರುವ ಹಲವು ಬಗೆಯ ರೋಗ. ನಿಮ್ಮದು ಯಾವ ಬಗೆ ಎಂದು ತಿಳಿಯಲು, ಯಾವ ಔಷಧಿ ಹೊಂದುತ್ತದೆ ಎಂದು ತೀರ್ಮಾನಿಸಲು ರಕ್ತದ ಸಂಖ್ಯೆ ನೆರವಾಗುತ್ತದೆ. ಆದರೆ ರೋಗ ವಾಸಿಯಾಯಿತೇ ಎಂದು ಹೇಳುವ ಅಧಿಕಾರ ಅದಕ್ಕಿಲ್ಲ.

ಐಜಿಇ ಪರೀಕ್ಷೆ

ಇನ್ನೊಂದು ರಕ್ತ ಪರೀಕ್ಷೆ ಐಜಿಇ. ಇದು ಅಲರ್ಜಿಯ ಪ್ರತಿಕಾಯ. 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿದ್ದ ಜಪಾನಿ ದಂಪತಿ ಇಶಿಝಾಕಾ ಮತ್ತು ಸ್ವೀಡನ್ನಿನ ಯೊಹಾನ್ಸನ್, ಬೆನ್ನಿಕ್ ಇವರು ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಅಲರ್ಜಿ ಅಸ್ತಮಾದಲ್ಲಿ ಇದು ಹೆಚ್ಚಿರುತ್ತದೆ. ಆದರೆ ಹುಳುಬಾಧೆಯಲ್ಲೂ, ಇಸುಬಿನಲ್ಲೂ ಹೆಚ್ಚಿರುತ್ತದೆ. ಅಸ್ತಮಾ ಇದ್ದೂ ಐಜಿಇ ಸರಿಯಾಗಿಯೇ ಇರುವವರೂ ಇದ್ದಾರೆ.

ಒಟ್ಟು ಐಜಿಇಯನ್ನು ಎರಡು ತಿಂಗಳಿಗೊಮ್ಮೆ ಮಾಡಿಸಿ ‘1,200 ಇದ್ದದ್ದು 1,050 ಆಯಿತು’ ಎಂದು ಸಂತೋಷಪಡುವವರನ್ನು ನೋಡಿದ್ದೇನೆ. ಸಾಮಾನ್ಯ ಅಸ್ತಮಾದಲ್ಲಿ ರೋಗ ಎಷ್ಟು ಹತೋಟಿಯಲ್ಲಿದೆ ಎಂದು ತಿಳಿಯಲು ಇದನ್ನು ಪದೇಪದೇ ಮಾಡಿಸುವುದರಿಂದ ಪ್ರಯೋಜನವಿಲ್ಲ. ನಿರ್ದಿಷ್ಟ ಐಜಿಇ ಎಂಬ ಪರೀಕ್ಷೆ ಧೂಳಿನ ಹುಳ, ಜಿರಳೆ, ಬೂಷ್ಟು, ಪರಾಗ ಇವುಗಳಲ್ಲಿ ಯಾವುದಕ್ಕೆ ನಿಮ್ಮ ದೇಹ ಸಿದ್ಧವಾಗಿ ಕೂತಿದೆ ಎಂದು ತೋರಿಸುತ್ತದೆ. ಅದೂ ನಿಮ್ಮ ಅನುಭವದೊಂದಿಗೆ ಹೊಂದಿದರೆ ಮಾತ್ರ ಅರ್ಥಪೂರ್ಣ. ತೀವ್ರ ಅಲರ್ಜಿ ಅಸ್ತಮಾಕ್ಕೆ ಕೊಡುವ ಓಮಾಲಿಜುಮ್ಯಾಬ್ ಎಂಬ ಇಂಜೆಕ್ಷನ್‌ನ ಪ್ರಮಾಣವನ್ನು ರೋಗಿಯ ತೂಕ ಮತ್ತು ಐಜಿಇ ನೋಡಿ ನಿರ್ಧರಿಸುತ್ತಾರೆ. ಅಲ್ಲಿ ಇದರ ಉಪಯೋಗ ಖಂಡಿತ ಇದೆ.

ಸಿಆರ್‌ಪಿ, ಇಎಸ್‌ಆರ್ ಎಂಬ ಪರೀಕ್ಷೆಗಳೂ ಉರಿಯೂತ ತೋರಿಸುತ್ತವೆ. ಆದರೆ ಅದು ದೇಹದ ಯಾವ ಮೂಲೆಯದೆಂದು ಹೇಳುವುದಿಲ್ಲ. ಪೆರಿಯೋಸ್ಟಿನ್, ಇಯೋಸಿನೋಫಿಲ್‌ನಿಂದ ಬರುವ ಇಸಿಪಿ, ವೈಕೆಎಲ್-40 ಎಂಬ ಪ್ರೋಟೀನುಗಳ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ. ಆದರೆ ದಿನನಿತ್ಯದ ಚಿಕಿತ್ಸೆಗೆ ಅವು ಬೇಕಾಗಿಲ್ಲ. ಪ್ಯಾಕೇಜ್ ಹೆಸರಿನಲ್ಲಿ ಇಂಥವಕ್ಕೆ ಹಣ ಸುರಿಯುವ ಬದಲು ಅದೇ ಹಣದಲ್ಲಿ ಕೆಲವು ತಿಂಗಳ ಇನ್‌ಹೇಲರ್ ಕೊಳ್ಳಬಹುದು.

ಸಂಖ್ಯೆ ಬಹಳ ಹೆಚ್ಚಿದ್ದರೆ

ನಮ್ಮಲ್ಲಿ ‘ಇಸ್ನೋಫೀಲಿಯಾ’ ಎಂಬುದೇ ಒಂದು ರೋಗದ ಹೆಸರಾಗಿಬಿಟ್ಟಿದೆ. ಇದಕ್ಕೊಂದು ಹಿನ್ನೆಲೆಯಿದೆ. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯರು ಭಾರತದ ರೋಗಿಗಳನ್ನು ನೋಡಿ ‘ಟ್ರಾಪಿಕಲ್ ಇಯೋಸಿನೋಫೀಲಿಯಾ’ ಎಂಬ ರೋಗವನ್ನು ವಿವರಿಸಿದರು. ರಾತ್ರಿ ಹೆಚ್ಚುವ ಒಣಕೆಮ್ಮು, ಉಬ್ಬಸ, ತೂಕ ಇಳಿಕೆ, ರಕ್ತದಲ್ಲಿ ಬಹಳ ಹೆಚ್ಚಿನ ಇಯೋಸಿನೋಫಿಲ್ ಇದರ ಲಕ್ಷಣ. ಇದಕ್ಕೆ ಕಾರಣ ಆನೆಕಾಲು ರೋಗ ತರುವ ಫೈಲೇರಿಯಾ ಹುಳು ಎಂದು ಆಮೇಲೆ ತಿಳಿಯಿತು. ಇದರಲ್ಲಿ ಸಂಖ್ಯೆ ಸಾಮಾನ್ಯವಾಗಿ 3,000 ದಾಟುತ್ತದೆ. ಇದರ ಔಷಧಿಯೇ ಬೇರೆ. ಡಿಇಸಿ ಎಂಬ ಮಾತ್ರೆಯನ್ನು ಸುಮಾರು ಮೂರು ವಾರ ಕೊಡುತ್ತಾರೆ. ಕರ್ನಾಟಕದ ಕರಾವಳಿಯಲ್ಲೂ ಕಲಬುರಗಿ, ಬೀದರ್ ಕಡೆಯೂ ಫೈಲೇರಿಯಾ ಇದ್ದದ್ದರಿಂದ ಈ ಹೆಸರು ನಮ್ಮ ಹಿರಿಯರ ಬಾಯಲ್ಲಿ ಉಳಿದುಬಿಟ್ಟಿತು. ಈಗ 600 ಇರುವ ಅಸ್ತಮಾ ರೋಗಿಯೂ ತನಗೆ ಇಸ್ನೋಫೀಲಿಯಾ ಎನ್ನುತ್ತಾರೆ. ‘ದಮ್ಮು’ ಎಂಬ ಪದಕ್ಕಿರುವ ಅಂಜಿಕೆ ಈ ಪದಕ್ಕಿಲ್ಲ. ಮಗಳ ಮದುವೆ ಮಾತುಕತೆ ನಡೆಯುವಾಗಲಂತೂ ಈ ಪದವೇ ಹಿತವೆನಿಸುತ್ತದೆ. ಆದರೆ ಹೆಸರು ಬದಲಿಸಿದರೆ ಚಿಕಿತ್ಸೆಯೂ ಬದಲಾಗಿಬಿಡುತ್ತದೆ. ಅಪಾಯ ಇರುವುದು ಅಲ್ಲಿ.

ಸಂಖ್ಯೆ 1,500 ದಾಟಿದರೆ ‘ಇದು ಅಲರ್ಜಿ’ ಎಂದು ಸುಮ್ಮನಿರಬೇಡಿ. ಫೈಲೇರಿಯಾ, ಹೊಟ್ಟೆಹುಳು, ಶ್ವಾಸನಾಳದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನಿಂದ ಬರುವ ಅಲರ್ಜಿ ರೋಗ ಇವನ್ನು ತಜ್ಞರು ಪರೀಕ್ಷಿಸಬೇಕಾಗುತ್ತದೆ. ಬೂಷ್ಟಿನ ಈ ರೋಗದಲ್ಲಿ ಐಜಿಇ ಬಹಳ ಏರಿರುತ್ತದೆ, ಕಂದು ಬಣ್ಣದ ಗಟ್ಟಿ ಕಫ ಬೀಳಬಹುದು. ಅಸ್ತಮಾದ ಜೊತೆಗೆ ಕೈಕಾಲು ಜೋಮು, ಚರ್ಮದಲ್ಲಿ ಕೆಂಪು ಗುರುತುಗಳು ಕಂಡರೆ ರಕ್ತನಾಳಗಳ ಅಪರೂಪದ ಉರಿಯೂತವೂ ಇರಬಹುದು. ಇದನ್ನೆಲ್ಲ ನೋಡದೆ ಸ್ಟೀರಾಯ್ಡ್ ಕೊಡುವುದು ಸರಿಯಲ್ಲ. ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳು ಇದ್ದವರಿಗೆ ಸ್ಟೀರಾಯ್ಡ್ ಹೋದರೆ ಹುಳು ದೇಹವಿಡೀ ಹರಡಿ ಪ್ರಾಣಕ್ಕೇ ಅಪಾಯವಾಗಬಹುದು.

ಸಂಖ್ಯೆ ಕಡಿಮೆ ಇದ್ದರೆ

ಇಯೋಸಿನೋಫಿಲ್ ಹೆಚ್ಚಿಲ್ಲದ ಅಸ್ತಮಾವೂ ಇದೆ. ಬೀಡಿ ಸಿಗರೇಟು ಸೇದುವವರಲ್ಲಿ, ತೂಕ ಬಹಳ ಹೆಚ್ಚಿರುವವರಲ್ಲಿ, ವಯಸ್ಸಾದ ಮೇಲೆ ರೋಗ ಶುರುವಾದ ಕೆಲವರಲ್ಲಿ ಇದು ಕಾಣುತ್ತದೆ. ಇವರ ರಕ್ತದ ವರದಿ ಸದಾ ನಾರ್ಮಲ್, ಉಬ್ಬಸ ಮಾತ್ರ ನಿಜ. ಹಾಗೆಯೇ ಔಷಧಿಯಿಂದ ಸಂಖ್ಯೆ ಇಳಿದವರೂ ಇದ್ದಾರೆ. ಅಸ್ತಮಾ ಇದೆಯೇ ಇಲ್ಲವೇ ಎಂದು ಹೇಳಬಲ್ಲ ರಕ್ತ ಪರೀಕ್ಷೆ ಯಾವುದೂ ಇಲ್ಲ.

ಅದನ್ನು ಹೇಳಬಲ್ಲದ್ದು ನಿಮ್ಮ ರೋಗದ ಕಥೆ ಮತ್ತು ಊದುವ ಪರೀಕ್ಷೆ. ಸ್ಪೈರೋಮೆಟ್ರಿಯಲ್ಲಿ ಯಂತ್ರದೊಳಗೆ ಜೋರಾಗಿ ಊದಿಸುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಅಳೆಯುತ್ತಾರೆ. ನಾಳ ಅಗಲಿಸುವ ಔಷಧಿ ಕೊಟ್ಟು ಮತ್ತೆ ಊದಿಸುತ್ತಾರೆ. ದೊಡ್ಡವರಲ್ಲಿ ಆ ಪ್ರಮಾಣ ಶೇ. 12ರಷ್ಟು ಮತ್ತು 200 ಮಿಲಿಲೀಟರ್‌ಗಿಂತ ಹೆಚ್ಚಾಗಿ ಏರಿದರೆ ಅಸ್ತಮಾಕ್ಕೆ ಅದು ಗಟ್ಟಿ ಸಾಕ್ಷಿ. ಕೆಲವು ಆಸ್ಪತ್ರೆಗಳಲ್ಲಿ ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಅಳೆದು ಉರಿಯೂತವನ್ನು ಅಂದಾಜು ಮಾಡುವ ಪರೀಕ್ಷೆಯೂ ಇದೆ. ಮನೆಯಲ್ಲೇ ಬಳಸಬಹುದಾದ ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ಹೆಚ್ಚು ಬೆಲೆಯದ್ದಲ್ಲ. ಬೆಳಿಗ್ಗೆ ಸಂಜೆ ಊದಿ ಬರೆದಿಟ್ಟರೆ ರಕ್ತದ ವರದಿಗಿಂತ ಹೆಚ್ಚಿನ ವಿಷಯ ತಿಳಿಯುತ್ತದೆ.

ರೋಗ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಕಳೆದ ನಾಲ್ಕು ವಾರಗಳನ್ನು ನೆನಪಿಸಿಕೊಂಡು ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಹಗಲಿನಲ್ಲಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ತೊಂದರೆ ಕಂಡಿತೇ?
2. ಉಬ್ಬಸ, ಕೆಮ್ಮಿನಿಂದ ರಾತ್ರಿ ಎಚ್ಚರವಾಯಿತೇ?
3. ತಕ್ಷಣ ಆರಾಮ ಕೊಡುವ ಇನ್‌ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ?
4. ಮೆಟ್ಟಿಲು ಹತ್ತುವುದು, ಮನೆಗೆಲಸ ಮುಂತಾದವನ್ನು ಉಸಿರಿನ ಕಾರಣಕ್ಕೆ ಕಡಿಮೆ ಮಾಡಬೇಕಾಯಿತೇ?

ಒಂದಕ್ಕೆ ‘ಹೌದು’ ಎಂದರೂ ಎಇಸಿ ಎಷ್ಟೇ ಇರಲಿ, ರೋಗ ಪೂರ್ತಿ ಹತೋಟಿಯಲ್ಲಿಲ್ಲ. ವೈದ್ಯರನ್ನು ಕಾಣಿ.

ಆ 40ರ ಕಥೆ

ಈಗ ಆ ಮಹಿಳೆಯ ವಿಷಯಕ್ಕೆ ಬರುತ್ತೇನೆ. ಮುಖ ದುಂಡಗಾಗಿತ್ತು. ಎರಡು ತಿಂಗಳಲ್ಲಿ ಐದಾರು ಕಿಲೋ ತೂಕ ಏರಿತ್ತು. ಸಕ್ಕರೆ ಕಾಯಿಲೆ ಹೊಸದಾಗಿ ಕಂಡಿತ್ತು. ಏನಾದರೂ ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದಿರಾ ಎಂದು ಮೂರು ಸಲ ಕೇಳಿದ ಮೇಲೆ ಚೀಲದ ತಳದಿಂದ ಒಂದು ಸಣ್ಣ ಪೊಟ್ಟಣ ತೆಗೆದರು. ಹೆಸರಿಲ್ಲ, ಬೆಲೆಯಿಲ್ಲ, ಒಳಗೇನಿದೆ ಎಂಬ ಬರಹವಿಲ್ಲ. ಯಾರೋ ‘ಗಿಡಮೂಲಿಕೆಯ ದಮ್ಮಿನ ಪುಡಿ’ ಎಂದು ಕೊಟ್ಟಿದ್ದರಂತೆ. ಮೂರೇ ದಿನಕ್ಕೆ ಉಬ್ಬಸ ಮಾಯವಾಗಿತ್ತಂತೆ. ಅದನ್ನು ತಿನ್ನುತ್ತಿದ್ದಾಗಲೇ ರಕ್ತ ಕೊಟ್ಟಿದ್ದರು, ವರದಿ 40 ಬಂದಿತ್ತು. ಎರಡು ವಾರದ ಹಿಂದೆ ಪುಡಿ ಮುಗಿಯಿತು, ದಮ್ಮು ಮೊದಲಿಗಿಂತ ಜೋರಾಗಿ ಮರಳಿತು.

ಆ ಪುಡಿಯನ್ನು ಪರೀಕ್ಷಿಸುವ ಸೌಲಭ್ಯ ನನ್ನ ಬಳಿ ಇರಲಿಲ್ಲ. ಆದರೆ ದುಂಡು ಮುಖ, ಏರಿದ ಸಕ್ಕರೆ, ಕುಸಿದ ಇಯೋಸಿನೋಫಿಲ್, ಮೂರು ದಿನದ ಪವಾಡ ಇವು ನಾಲ್ಕೂ ಒಟ್ಟಿಗೆ ಬಂದರೆ ಯಾವ ವೈದ್ಯನಿಗೂ ಸ್ಟೀರಾಯ್ಡ್‌ನ ಸಂಶಯ ಬರಲೇಬೇಕು. ಇಂಥದ್ದನ್ನು ದಿಢೀರ್ ನಿಲ್ಲಿಸುವುದೂ ಅಪಾಯ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ದೇಹ ತನ್ನದೇ ಕಾರ್ಟಿಸೋಲ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಹಠಾತ್ತಾಗಿ ನಿಂತರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರಬಹುದು. ಅಂದೇ ಅವರನ್ನು ಶ್ವಾಸಕೋಶ ತಜ್ಞರ ಬಳಿಗೆ ಕಳಿಸಿದೆ. ಅಲ್ಲಿ ಸೇರಿಸಿಕೊಂಡು ಚಿಕಿತ್ಸೆ ಕೊಟ್ಟರು.

ನಾನು ಯುನಾನಿ ವೈದ್ಯ. ನನ್ನ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇನೆ: ಹೆಸರಿಲ್ಲದ ಪುಡಿ ಯುನಾನಿಯೂ ಅಲ್ಲ, ಆಯುರ್ವೇದವೂ ಅಲ್ಲ. ಜೂಫಾ, ಅತಿಮಧುರದಂಥ ಮೂಲಿಕೆಗಳನ್ನು ಕೆಮ್ಮು, ಗಂಟಲಿನ ಹಿತಕ್ಕೆ ನಾವು ಕೊಡುತ್ತೇವೆ. ಅವು ಮೂರು ದಿನದಲ್ಲಿ ಹಳೆಯ ದಮ್ಮನ್ನು ಓಡಿಸುವುದಿಲ್ಲ, ಇನ್‌ಹೇಲರ್‌ಗೆ ಬದಲಿಯೂ ಅಲ್ಲ. ಹಾಗೆಂದು ಹೇಳಿ ಕೊಡುವವರನ್ನು ನಂಬಬೇಡಿ, ಅವರ ಗೋಡೆಯ ಮೇಲೆ ಯಾವ ಪದವಿ ಪತ್ರ ತೂಗುತ್ತಿದ್ದರೂ ಸರಿ.

ಇನ್‌ಹೇಲರ್‌ನಲ್ಲೂ ಸ್ಟೀರಾಯ್ಡ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಲೆಕ್ಕ ನೋಡಿ. ಇನ್‌ಹೇಲರ್‌ನ ಒಂದು ಎಳೆತದಲ್ಲಿ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ. ತೀವ್ರ ದಮ್ಮಿಗೆ ವೈದ್ಯರು ಕೊಡುವ ಪ್ರೆಡ್ನಿಸೋಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ. ಎರಡೂ ಒಂದೇ ರಾಸಾಯನಿಕವಲ್ಲ, ಸಮ ತೂಕ ಸಮ ಶಕ್ತಿಯೂ ಅಲ್ಲ. ಆದರೂ ಅಂತರ ತಿಳಿಯುತ್ತದೆ. ಒಂದು ಹೊಟ್ಟೆಯ ಮೂಲಕ ಇಡೀ ದೇಹಕ್ಕೆ ಹೋಗುತ್ತದೆ, ಇನ್ನೊಂದು ಉರಿಯೂತ ಇರುವ ಜಾಗಕ್ಕೇ ತಲುಪುತ್ತದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ತೊಂದರೆಯೂ ತಪ್ಪುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್‌ಗೆ ಹೆದರಿ ಹೆಸರಿಲ್ಲದ ಪುಡಿ ತಿನ್ನುವವರು ತಮಗರಿವಿಲ್ಲದೆ ಹೆಚ್ಚಿನ ಸ್ಟೀರಾಯ್ಡನ್ನೇ ತಿನ್ನುತ್ತಿರಬಹುದು. ಹಾಗೆಯೇ ತಕ್ಷಣದ ಆರಾಮಕ್ಕೆ ಕೊಡುವ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವುದೂ ಸರಿಯಲ್ಲ. ಅದು ಸ್ನಾಯುವನ್ನು ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದಿಲ್ಲ.

ಕೊನೆಯದಾಗಿ ಕೆಲವು ಸಲಹೆಗಳು

ಹಳೆಯ ವರದಿಗಳನ್ನು ಎಸೆಯಬೇಡಿ. ಒಂದು ಸಂಖ್ಯೆಗಿಂತ ಹಲವು ವರ್ಷಗಳ ಸಂಖ್ಯೆಗಳು ತಜ್ಞರಿಗೆ ಹೆಚ್ಚು ನೆರವಾಗುತ್ತವೆ. ಪ್ರತಿ ವರದಿಯ ಮೇಲೆ ಆ ವೇಳೆಗೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದಿರಿ ಎಂದು ಪೆನ್ನಿನಲ್ಲಿ ಬರೆದಿಡಿ.

ವರದಿ ನಾರ್ಮಲ್ ಬಂತೆಂದು ಇನ್‌ಹೇಲರ್ ನಿಲ್ಲಿಸಬೇಡಿ. ಪ್ರಮಾಣ ಕಡಿಮೆ ಮಾಡುವುದಿದ್ದರೆ ಸುಮಾರು ಮೂರು ತಿಂಗಳು ರೋಗ ಚೆನ್ನಾಗಿ ಹತೋಟಿಯಲ್ಲಿದ್ದ ಮೇಲೆ, ವೈದ್ಯರೇ ಹಂತ ಹಂತವಾಗಿ ಮಾಡುತ್ತಾರೆ.

ಮಾತನಾಡಲು ಆಗದಷ್ಟು ದಮ್ಮು, ತುಟಿ ಉಗುರು ನೀಲಿಯಾಗುವುದು, ಮಂಪರು, ಇನ್‌ಹೇಲರ್ ಎಳೆದರೂ ಇಳಿಯದ ಉಬ್ಬಸ ಇವು ಕಂಡರೆ ರಕ್ತ ಪರೀಕ್ಷೆಗೂ ಕಾಯಬೇಡಿ, ಯಾವ ಕಷಾಯಕ್ಕೂ ಕಾಯಬೇಡಿ, ನನ್ನಂಥವರ ದವಾಖಾನೆಗೂ ಬರಬೇಡಿ. 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಹೋಗಿ.

ಆ ಮಹಿಳೆ ಕಳೆದ ತಿಂಗಳು ಮತ್ತೆ ಬಂದಿದ್ದರು. ಇನ್‌ಹೇಲರ್ ಸರಿಯಾಗಿ ಎಳೆಯುವುದನ್ನು ಕಲಿತಿದ್ದಾರೆ. ಎಇಸಿ 310 ಇದೆ. ಕಾಗದದ ಮೇಲೆ 40ಕ್ಕಿಂತ ಹೆಚ್ಚು. ಆದರೆ ಈಗ ಅವರು ಒಂದೇ ದಿಂಬಿನ ಮೇಲೆ ಮಲಗುತ್ತಾರೆ.